ಹಳೇ ಸಿಮೆಟ್ರಿಯ ಹಸಿರು: ಯಾವುದು ಇರಲಿ, ಯಾವುದು ಹೋಗಲಿ

ಶಾಲೆಯ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿದವರು ನಮ್ಮಲ್ಲಿ ತುಂಬ ಜನ. ಮೇಲಿನ ಗ್ಯಾಲರಿಗೆ ಹತ್ತಿ, ಕೂಗಿ, ನಮ್ಮದೇ ದನಿ ಮತ್ತೆ ಮತ್ತೆ ಕೇಳಿ ಖುಷಿಪಟ್ಟು ಇಳಿದು ಬಂದಿದ್ದೇವೆ. ಅದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಮಡಿಕೇರಿಗೆ ಹೋದವರು ಕೊಡಗಿನ ರಾಜರ ಗದ್ದುಗೆ ನೋಡಿ, ಅಲ್ಲೇ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಶ್ರೀರಂಗಪಟ್ಟಣದ ಗುಂಬಜ್ ಅಂತೂ ಮೈಸೂರು ಟೂರಿನಲ್ಲಿ ಇದ್ದೇ ಇರುತ್ತದೆ. ಸಮಾಧಿಯ ಪಕ್ಕ ಕೂತು ದಣಿವಾರಿಸಿಕೊಳ್ಳುವುದು ನಮಗೆ ಹೊಸದೇನಲ್ಲ, ಅಲ್ವಾ?

ಆದರೂ "ಆ ಊರಿಗೆ ಹೋಗಿದ್ದಾಗ ಹಳೇ ಸಿಮೆಟ್ರಿಯಲ್ಲಿ ಒಂದು ಬೆಳಗ್ಗೆ ಕಳೆದೆ" ಅಂದರೆ ಮನೆಯಲ್ಲಿ ಹಿರಿಯರಿಗೆ ಕಸಿವಿಸಿ. "ಅಂಥ ಕಡೆಗೆ ಸುಮ್ನೆ ಯಾರಾದ್ರೂ ಹೋಗ್ತಾರೇನಪ್ಪಾ?" ಅನ್ನುತ್ತಾರೆ. ಅವರ ಮಾತಿಗೂ ಅರ್ಥವಿದೆ. ಸೂತಕ, ಮೈಲಿಗೆ, ಬಂದ ಮೇಲೆ ತಲೆಗೆ ನೀರು ಹಾಕಿಕೊಳ್ಳುವುದು ಎಲ್ಲವೂ ಸಾವಿನ ಜೊತೆ ಬೆಳೆದು ಬಂದ ನಡವಳಿಕೆ. ಸ್ನಾನ ಮಾಡಿ ಒಳಗೆ ಬಾ ಅಂದರೆ ಮಾಡಿದರಾಯಿತು. ಅದಕ್ಕೋಸ್ಕರ ನೂರೈವತ್ತು, ಇನ್ನೂರು ವರ್ಷದ ಸಿಮೆಟ್ರಿಯೊಂದನ್ನು ನೋಡದೆ ಬಿಡುವುದು ಬೇಡ.

ಗಿಡಗಂಟಿ ಬೆಳೆದ ಹಳೇ ಸಿಮೆಟ್ರಿಗೆ ಹೋದವರಿಗೆ ಮೊದಲು ಸಿಗುವುದು ನೆಮ್ಮದಿ. ಸ್ವಲ್ಪ ಹೊತ್ತಿಗೆ ಒಂದು ಗೊಂದಲವೂ ಶುರುವಾಗುತ್ತದೆ. ಇಷ್ಟು ಹಸಿರಿದೆಯಲ್ಲ ಎಂದು ಖುಷಿಪಡಬೇಕೋ, ಕಲ್ಲುಗಳೆಲ್ಲ ಹಾಳಾಗುತ್ತಿವೆಯಲ್ಲ ಎಂದು ಬೇಸರಪಡಬೇಕೋ? ನಮಗೆ ಹಾಯೆನಿಸುವ ಹಸಿರೇ ಅಲ್ಲಿನ ಗೋರಿಗಳನ್ನು ಸೀಳುತ್ತಿರುತ್ತದೆ. ಯಾವ ಗಿಡ ಏನು ಮಾಡುತ್ತದೆ, ಯಾವ ಕಲ್ಲು ಹೇಗೆ ಸವೆಯುತ್ತದೆ ಅಂತ ತಿಳಿದರೆ ಎರಡನ್ನೂ ಉಳಿಸಿಕೊಳ್ಳಬಹುದು ಅನ್ನುವುದು ನನ್ನ ನಂಬಿಕೆ.

ನಮ್ಮ ಸುತ್ತ ಇವು ಬಂದದ್ದು ಹೇಗೆ

ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 7ರಂದು, ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಪೇಟೆಗೆ ನುಗ್ಗಿತು. ಅದೇ ತಿಂಗಳ 21ರ ರಾತ್ರಿ ಕೋಟೆ ಬಿತ್ತು. ಆಗ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಹೂಳಿದ ಕೋಟೆಯ ಸಿಮೆಟ್ರಿ ಇವತ್ತು ಇಲ್ಲ. ಅವರ ನೆನಪಿಗೆ ಈಗಿನ ಹಡ್ಸನ್ ಸರ್ಕಲ್ ಹತ್ತಿರ ಒಂದು ಎತ್ತರದ ಕಂಬ ಇತ್ತು, ಸೆನೊಟಾಫ್ ಎಂದು ಕರೆಯುತ್ತಿದ್ದರು. ಅದನ್ನು 1964ರಲ್ಲಿ ತೆಗೆದರು. ನೃಪತುಂಗ ರಸ್ತೆಗೆ ಮೊದಲು ಸೆನೊಟಾಫ್ ರೋಡ್ ಅಂತಲೇ ಹೆಸರಿತ್ತು. ಎಷ್ಟೋ ಜನ ದಿನಾ ಆ ರಸ್ತೆಯಲ್ಲಿ ಓಡಾಡುತ್ತಾರೆ, ಹಳೇ ಹೆಸರು ಮಾತ್ರ ಕೇಳಿರುವುದಿಲ್ಲ.

ಎಂಟು ವರ್ಷದ ನಂತರ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರ ಪಡೆ ಅಲ್ಲೇ ಬೀಡುಬಿಟ್ಟಿತು. ಕಾವೇರಿಯ ನಡುವಿನ ಆ ದ್ವೀಪದಲ್ಲಿ ಸೊಳ್ಳೆ ಜಾಸ್ತಿ, ಜ್ವರವೂ ಜಾಸ್ತಿ. ಯುದ್ಧದಲ್ಲಿ ಬದುಕಿದವರು ಹಾಸಿಗೆಯಲ್ಲಿ ಸತ್ತರು. ಕೊನೆಗೆ 1809ರಲ್ಲಿ ಸೈನ್ಯವನ್ನು ಗಾಳಿ, ನೀರು ಚೆನ್ನಾಗಿದ್ದ ಬೆಂಗಳೂರಿಗೆ ತಂದರು. ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ. ದಂಡು ಬಂದ ಮೇಲೆ ಚರ್ಚು ಬಂತು, ಆಸ್ಪತ್ರೆ ಬಂತು, ಸಿಮೆಟ್ರಿಯೂ ಬಂತು. ಅಗರಂ, ಹೊಸೂರು ರಸ್ತೆ, ಕಲ್ಪಳ್ಳಿ ಎಲ್ಲವೂ ಆ ಕಾಲಕ್ಕೆ ಊರಾಚೆಯ ಜಾಗಗಳೇ. ಹೆಣ ಹೂಳುವ ಜಾಗದ ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಅಂತ ನಂಬಿದ್ದ ಕಾಲ ಅದು. ಊರು ಬೆಳೆಯಿತು, ಊರಾಚೆ ಇದ್ದದ್ದು ಊರ ನಡುವೆ ಬಂತು.

ಊರಾಚೆ ದೊಡ್ಡ ಸಿಮೆಟ್ರಿ ಮಾಡುವುದರಲ್ಲಿ ಇಲ್ಲಿದ್ದ ಯುರೋಪಿಯನ್ನರು ತಮ್ಮ ತಾಯ್ನಾಡಿಗಿಂತ ಮುಂದಿದ್ದರು. ಪ್ಯಾರಿಸ್ಸಿನ ಪ್ರಸಿದ್ಧ ಪೆರ್ ಲಾಶೇಜ್ ಸಿಮೆಟ್ರಿ ಶುರುವಾದದ್ದು 1804ರಲ್ಲಿ. ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸಿಮೆಟ್ರಿ ಅದಕ್ಕೂ ಮೊದಲು, 1767ರಲ್ಲೇ ಶುರುವಾಗಿತ್ತು. ಅದಕ್ಕಿಂತ ಹಿಂದೆ, ಹದಿನೇಳನೇ ಶತಮಾನದಲ್ಲಿ, ಸೂರತ್ತಿನಲ್ಲಿ ಇಂಗ್ಲಿಷರೂ ಡಚ್ಚರೂ ಗುಮ್ಮಟ ಇರುವ ಭಾರೀ ಗೋರಿಗಳನ್ನು ಕಟ್ಟಿಸಿಕೊಂಡಿದ್ದರು. ಸುತ್ತಲಿನ ಸುಲ್ತಾನರ, ಮೊಗಲರ ಗೋರಿಗಳನ್ನು ನೋಡಿ ಕಲಿತ ಶೈಲಿ ಅದು ಅನ್ನುವುದು ಕಂಡ ಕೂಡಲೇ ಗೊತ್ತಾಗುತ್ತದೆ.

ಗಿಡಗಂಟಿ ಯಾಕೆ ಬೆಳೆಯುತ್ತದೆ

ಇದಕ್ಕೆ ಸೋಮಾರಿತನ ಕಾರಣ ಅಂದುಕೊಳ್ಳುವವರು ಜಾಸ್ತಿ. ನಿಜವಾದ ಕಾರಣ ದುಡ್ಡಿನ ಲೆಕ್ಕಾಚಾರದಲ್ಲಿದೆ.

ಸಿಮೆಟ್ರಿಗೆ ಆದಾಯ ಬರುವುದು ಹೊಸದಾಗಿ ಹೂಳುವಾಗ. ಜಾಗ ತುಂಬಿ, ಇನ್ನು ಹೂಳುವಂತಿಲ್ಲ ಅಂದ ದಿನ ಆದಾಯ ನಿಲ್ಲುತ್ತದೆ. ಖರ್ಚು ಮಾತ್ರ ನಿಲ್ಲುವುದಿಲ್ಲ. ಕಾಂಪೌಂಡ್ ಗೋಡೆ ಬೀಳುತ್ತದೆ, ಹುಲ್ಲು ಬೆಳೆಯುತ್ತದೆ, ವಾಚ್‌ಮನ್‌ಗೆ ಸಂಬಳ ಕೊಡಬೇಕು. ಮೊದಲೆರಡು ತಲೆಮಾರು ಮನೆಯವರು ಬಂದು ನೋಡಿಕೊಳ್ಳುತ್ತಾರೆ. ಬ್ರಿಟಿಷರ ಗೋರಿಗಳಿಗೆ ಆ ಕೊಂಡಿಯೂ 1947ರ ನಂತರ ಕಳಚಿತು. ಕುಟುಂಬಗಳು ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋದವು. ಇಲ್ಲೇ ಉಳಿದ ಸಣ್ಣ ಚರ್ಚ್ ಸಭೆಗಳ ಹೆಗಲಿಗೆ ಸಾವಿರಾರು ಗೋರಿಗಳ ಭಾರ ಬಿತ್ತು.

ಜಾಗದ ಒಡೆತನದ ಗೊಂದಲ ಬೇರೆ. ಒಂದು ಕಡೆ ಚರ್ಚಿನದು, ಇನ್ನೊಂದು ಕಡೆ ಸರ್ಕಾರದ್ದು, ಮತ್ತೊಂದು ಕಡೆ ಸೈನ್ಯದ್ದು. ಮೂರೂ ಸೇರುವ ಮೂಲೆಗಳೂ ಇರುತ್ತವೆ. ಇದು ಯಾರದು ಅಂತ ಖಚಿತ ಆಗುವ ಹೊತ್ತಿಗೆ ಅರಳಿ ಗಿಡ ಆಳೆತ್ತರ ಬೆಳೆದಿರುತ್ತದೆ.

ಇದಕ್ಕೆ ತದ್ವಿರುದ್ಧ ನೋಡಬೇಕಾದರೆ ಯುದ್ಧದಲ್ಲಿ ಸತ್ತವರ ಸಿಮೆಟ್ರಿಗೆ ಹೋಗಬೇಕು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 1917ರಲ್ಲಿ ಶುರುವಾಯಿತು. ಜನರಲ್ ಆಗಲಿ ಸಿಪಾಯಿ ಆಗಲಿ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಅನ್ನುವುದು ಅವರ ನಿಯಮ. ನೋಡಿಕೊಳ್ಳಲು ಸದಸ್ಯ ದೇಶಗಳು ದುಡ್ಡು ಕೊಡುತ್ತವೆ. ದಕ್ಷಿಣ ಮತ್ತು ಪೂರ್ವ ಭಾರತದ ಊರೂರುಗಳ ಸಿಮೆಟ್ರಿಗಳಲ್ಲಿ ಎರಡನೇ ಮಹಾಯುದ್ಧದವರ ಗೋರಿಗಳನ್ನು ಕಾಯಂ ಆಗಿ ನೋಡಿಕೊಳ್ಳುವವರು ಇರುವುದಿಲ್ಲ ಅನ್ನುವ ಕಾರಣಕ್ಕೆ, 1952ರಲ್ಲಿ ಚೆನ್ನೈಯ ನಂದಂಬಾಕ್ಕಂನಲ್ಲಿ ಒಂದು ಸಿಮೆಟ್ರಿ ಮಾಡಿ ಎಲ್ಲರನ್ನೂ ಅಲ್ಲಿಗೆ ತಂದರು. ಅಲ್ಲಿ ಹುಲ್ಲು ಒಂದೇ ಎತ್ತರ, ಸಾಲು ಒಂದೇ ನೇರ. ಗೌರವ ತುಂಬಿದ ಜಾಗ. ಆದರೆ ಹಳೇ ಸಿಮೆಟ್ರಿಯ ತಂಪಾದ ನೆರಳು, ಗಿಳಿಗಳ ಗಲಾಟೆ ಅಲ್ಲಿ ಸಿಗುವುದಿಲ್ಲ.

ಕಲ್ಲು ಓದುವುದು

ಕನ್ನಡದವರಿಗೆ ಸತ್ತವರ ಕಲ್ಲು ಓದುವುದು ಬಹಳ ಹಳೇ ಅಭ್ಯಾಸ. ಬೆಂಗಳೂರು ಅನ್ನುವ ಹೆಸರು ಮೊದಲು ಸಿಗುವುದೇ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು 890ರದ್ದು. ಹೆಬ್ಬಾಳದಲ್ಲಿ ಸಿಕ್ಕಿದ ಕಿಟ್ಟಯ್ಯನ ಕಲ್ಲು ಅದಕ್ಕೂ ಹಿಂದಿನದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಸೂರ್ಯ ಚಂದ್ರ ಇದ್ದರೆ ಅವರಿರುವ ತನಕ ಈ ಹೆಸರು ಇರಲಿ ಅಂತ.

ಬ್ರಿಟಿಷರ ಗೋರಿಕಲ್ಲಿಗೂ ಇಂಥದ್ದೇ ಗುರುತುಗಳಿವೆ. ಅರ್ಧಕ್ಕೆ ಮುರಿದಂತೆ ಕೆತ್ತಿದ ಕಂಬ ಕಂಡರೆ ಅದು ಮಳೆಗಾಳಿಗೆ ಮುರಿದದ್ದಲ್ಲ. ಚಿಕ್ಕ ವಯಸ್ಸಿನಲ್ಲಿ ಹೋದವರು ಅಂತ ಅರ್ಥ. ಬಟ್ಟೆ ಹೊದಿಸಿದ ಕಲಶ ಶೋಕಕ್ಕೆ, ಲಂಗರು ಭರವಸೆಗೆ, ಕುರಿಮರಿ ಮಗುವಿಗೆ. ಕಲ್ಲಿನ ಕೆಳ ಮೂಲೆಯನ್ನೂ ಒಮ್ಮೆ ನೋಡಿ. ಕೆತ್ತಿದವರ ಹೆಸರು, ಊರು ಕೆಲವೊಮ್ಮೆ ಕಡಲೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೇಲಿನ ದೊಡ್ಡ ಅಕ್ಷರಗಳಿಗಿಂತ ಆ ಸಣ್ಣ ಸಾಲು ನನಗೆ ಜಾಸ್ತಿ ಇಷ್ಟ. ಕೆಲಸ ಮಾಡಿದ ಕೈ ಯಾವುದು ಅಂತ ಹೇಳುವುದು ಅದೊಂದೇ.

ವಯಸ್ಸುಗಳನ್ನು ಓದುತ್ತ ಹೋದರೆ ಹೊಟ್ಟೆ ಕಿವುಚುತ್ತದೆ. ತಿಂಗಳ ಮಕ್ಕಳು, ಇಪ್ಪತ್ತರ ಆಚೀಚಿನ ತಾಯಂದಿರು, ಹಡಗಿಳಿದು ವರ್ಷ ತುಂಬದ ಹುಡುಗರು. ಊಟಿಯನ್ನು ಕಟ್ಟಿದ ಜಾನ್ ಸಲಿವನ್‌ನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಮಗಳು ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಹಿಂದಿನ ಇಳಿಜಾರಿನಲ್ಲಿದ್ದಾರೆ. ಇಬ್ಬರೂ ತೀರಿಕೊಂಡದ್ದು 1838ರಲ್ಲಿ. ಆ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಕೆಡವಿ ತಂದದ್ದು. ಊಟಿಗೆ ಹೋದಾಗ ಬೋಟ್ ಹೌಸ್ ಗದ್ದಲದಿಂದ ತಪ್ಪಿಸಿಕೊಳ್ಳಬೇಕು ಅನ್ನಿಸಿದರೆ ನೇರ ಅಲ್ಲಿಗೆ ಹೋಗಿ.

ಎಷ್ಟೋ ಕಲ್ಲುಗಳ ಮೇಲೆ ಸಾವಿನ ಕಾರಣ ಬರೀ "ಜ್ವರ" ಅಂತಿರುತ್ತದೆ. ಯಾವ ಜ್ವರ ಅಂತ ಬರೆಸಿದವರಿಗೂ ಗೊತ್ತಿರಲಿಲ್ಲ. ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿದ್ದು 1897ರಲ್ಲಿ. ಅದಕ್ಕೂ ಮುಂಚೆ ಆತ ನಮ್ಮ ಬೆಂಗಳೂರಿನಲ್ಲೇ ಸೈನ್ಯದ ವೈದ್ಯನಾಗಿದ್ದ. ಬಂಗಲೆಯ ಕಿಟಕಿ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು, ತೊಟ್ಟಿ ಬೋರಲು ಹಾಕಿಸಿದಾಗ ಕಾಟ ಕಡಿಮೆಯಾದದ್ದನ್ನು ಗಮನಿಸಿದ್ದ. 1895ರಲ್ಲಿ ಕಾಲರಾ ಹರಡಿದಾಗ ಅದನ್ನು ತಡೆಯಲು ಮತ್ತೆ ಇಲ್ಲಿಗೇ ಬಂದ. ಮೂರು ವರ್ಷದ ನಂತರ, 1898ರಲ್ಲಿ, ಪ್ಲೇಗ್ ಬಂದು ಪೇಟೆ ಅರ್ಧ ಖಾಲಿಯಾಯಿತು. ಗೋರಿಯ ಮೇಲಿನ ಇಸವಿಯನ್ನು ಊರಿನ ಇತಿಹಾಸದ ಜೊತೆ ಇಟ್ಟು ನೋಡಿದರೆ, ಕಲ್ಲು ಹೇಳದೆ ಬಿಟ್ಟದ್ದು ಎಷ್ಟೋ ಸಲ ಅಂದಾಜಾಗುತ್ತದೆ.

ಕಲ್ಲೂ ಸವೆಯುತ್ತದೆ

ಒಂದೇ ವರ್ಷ ನೆಟ್ಟ ಎರಡು ಕಲ್ಲುಗಳು ಅಕ್ಕಪಕ್ಕ ಇರುತ್ತವೆ. ಒಂದರ ಅಕ್ಷರ ನಿನ್ನೆ ಕೆತ್ತಿದಂತೆ ಚೂಪಾಗಿದೆ, ಇನ್ನೊಂದರದ್ದು ಮಸುಕು. ಮೊದಲನೆಯದು ನಮ್ಮ ಸುತ್ತಲಿನ ಬಂಡೆ. ಲಾಲ್‌ಬಾಗಿನ ಗುಡ್ಡ ಯಾವ ಜಾತಿಯದ್ದೋ ಅದೇ, 300 ಕೋಟಿ ವರ್ಷ ಹಳೆಯದು. ಮಳೆ ಅದನ್ನು ಕರಗಿಸಲಾರದು. ಎರಡನೆಯದು ಅಮೃತಶಿಲೆ. ದುಬಾರಿ, ನುಣುಪು, ಕೆತ್ತಲು ಸುಲಭ. ಆದರೆ ಅದು ಸುಣ್ಣದ ಅಂಶದ ಕಲ್ಲು. ಶುದ್ಧ ಮಳೆ ನೀರಿನಲ್ಲೂ ಸ್ವಲ್ಪ ಆಮ್ಲ ಇರುತ್ತದೆ, ಊರಿನ ಹೊಗೆ ಸೇರಿದರೆ ಅದು ಇನ್ನೂ ಏರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಒದ್ದೆ ಕೈ ತಾಗಿದಾಗ ಅದರ ಮೂಲೆಗಳು ಮೊಂಡಾಗುವುದಿಲ್ಲವೇ, ಅಮೃತಶಿಲೆಯ ಅಕ್ಷರಗಳೂ ಹಾಗೇ ಮೊಂಡಾಗುತ್ತವೆ. ಹೆಚ್ಚು ಖರ್ಚು ಮಾಡಿದವರ ಹೆಸರೇ ಮೊದಲು ಅಳಿಸಿ ಹೋಗುವುದು ನೋಡಿದರೆ ಬೇಸರವಾಗುತ್ತದೆ.

ಇದನ್ನು ತಿಳಿದೇ ಆ ಕಾಲದ ಕೆತ್ತುವವರು ಒಂದು ಉಪಾಯ ಮಾಡಿದ್ದರು. ಅಮೃತಶಿಲೆಯಲ್ಲಿ ಅಕ್ಷರದ ಆಕಾರಕ್ಕೆ ತೋಡು ಕೆತ್ತಿ, ಅದರೊಳಗೆ ಅಲ್ಲಲ್ಲಿ ಸಣ್ಣ ತೂತು ಕೊರೆದು, ಮೇಲೆ ಸೀಸ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಸೀಸ ಮೆತ್ತಗಿನ ಲೋಹ, ತೂತಿನೊಳಗೆ ಇಳಿದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಳಿ ಕಲ್ಲಿನ ಮೇಲೆ ಕಪ್ಪು ಅಕ್ಷರ ಎದ್ದು ಕಾಣುತ್ತದೆ. ಕಾಲ ಕಳೆದಂತೆ ಕಲ್ಲು ಸವೆದು ಸೀಸ ಉದುರುತ್ತದೆ, ಕೆಲವು ಕಡೆ ಯಾರೋ ಕಿತ್ತುಕೊಂಡೂ ಹೋಗಿರುತ್ತಾರೆ. ಆಗ ಉಳಿಯುವುದು ಬರೀ ತೂತುಗಳ ಸಾಲು. ಇಂಥ ಕಲ್ಲು ಸಿಕ್ಕರೆ ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ. ನೇರ ಗೀಟಿನಲ್ಲಿ ಮೇಲೊಂದು, ಕೆಳಗೊಂದು ತೂತು ಇದ್ದರೆ ಅದು ಐ. ಮೇಲೆ ಎರಡು, ಕೆಳಗೆ ಒಂದು ಇದ್ದರೆ ವಿ ಇರಬಹುದು. ಅಕ್ಷರ ಅಕ್ಷರ ಹೊಂದಿಸುತ್ತ ಹೋದರೆ ಒಂದು ಹೆಸರು ಎದ್ದು ಬರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಕೆಲಸ ಅವರಿಗೆ ಬಿಡಿ. ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಮಸುಕಾದ ಅಕ್ಷರ ಓದಲು ಬೆಳಕು ಪಕ್ಕದಿಂದ ಬೀಳಬೇಕು. ನೆತ್ತಿಯ ಮೇಲೆ ಬಿಸಿಲಿದ್ದಾಗ ಏನೂ ಕಾಣದ ಕಲ್ಲು ಬೆಳಗಿನ ಎಳೆ ಬಿಸಿಲಿನಲ್ಲಿ ಸಲೀಸಾಗಿ ಓದಿಸಿಕೊಳ್ಳುತ್ತದೆ. ಪ್ರತಿ ಗೆರೆಯ ಒಂದು ಅಂಚಿಗೆ ನೆರಳು ಬೀಳುತ್ತದೆ, ಅದರಿಂದ ಅಕ್ಷರ ಎದ್ದು ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಿಗೆ ಸಣ್ಣ ಕನ್ನಡಿಯಿಂದ ಬಿಸಿಲು ಹಾಯಿಸಬಹುದು, ಇಲ್ಲವೇ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಬಹುದು. ಸೀಮೆಸುಣ್ಣ ಉಜ್ಜುವುದು, ಹಿಟ್ಟು ಹಚ್ಚುವುದು, ತಂತಿ ಬ್ರಷ್ ಹಾಕುವುದು ಖಂಡಿತ ಬೇಡ. ಓದಿ ಮುಗಿಸಿದ ಮೇಲೆ ಅಕ್ಷರ ಮೊದಲಿಗಿಂತ ಕಡಿಮೆ ಉಳಿದಿರುತ್ತದೆ.

ಗಿಡಗಳಲ್ಲಿ ಮಿತ್ರರು, ಶತ್ರುಗಳು

ಹಳೇ ಗೋರಿಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಇಟ್ಟಿಗೆಯಿಂದ, ಮೇಲೆ ಸುಣ್ಣದ ಗಾರೆ. ಗಾಣದಲ್ಲಿ ಅರೆದ, ಬೆಲ್ಲ, ಅಳಲೆಕಾಯಿ ನೀರು ಸೇರಿಸಿದ ಗಾರೆ ಎಷ್ಟೋ ಕಾಲ ನಿಲ್ಲುತ್ತದೆ. ಅದರ ದೊಡ್ಡ ಗುಣ ಅಂದರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುವುದು. ಆ ತೇವವೇ ಅರಳಿ ಗಿಡಕ್ಕೆ ಬೇಕಾದದ್ದು.

ಅರಳಿ ಹಣ್ಣು ತಿಂದ ಹಕ್ಕಿ ಗೋರಿಯ ತುದಿಯಲ್ಲಿ ಕೂರುತ್ತದೆ. ಅದರ ಹಿಕ್ಕೆಯಲ್ಲಿ ಸಾಸಿವೆಗಿಂತ ಸಣ್ಣ ಬೀಜ ಇರುತ್ತದೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು. ಮೊದಲ ಮಳೆಗೆ ಎರಡು ಎಲೆ ಬರುತ್ತದೆ. ಮೇಲೆ ಗೇಣುದ್ದ ಗಿಡ, ಒಳಗೆ ಬೇರು ಅದರ ಹಲವು ಪಟ್ಟು ಉದ್ದ. ದಾರದಷ್ಟು ತೆಳ್ಳಗಿನ ಬೇರು ಇಟ್ಟಿಗೆಗಳ ನಡುವೆ ತೇವ ಹುಡುಕುತ್ತ ಇಳಿಯುತ್ತದೆ, ಆಮೇಲೆ ದಪ್ಪವಾಗುತ್ತದೆ. ಮಣ್ಣು ಮುಟ್ಟಿದ ಮೇಲೆ ಅದನ್ನು ಹಿಡಿಯುವವರಿಲ್ಲ. ಆಲ, ಬಸರಿ, ಅತ್ತಿಯದ್ದೂ ಇದೇ ಕಥೆ. ವಿಚಿತ್ರ ಅಂದರೆ, ಗೋಡೆ ಸೀಳಿದ ಅದೇ ಬೇರು ಕೊನೆಗೆ ಆ ಗೋಡೆಯನ್ನು ಅಪ್ಪಿ ಹಿಡಿದಿರುತ್ತದೆ. ಮರ ಕಡಿದರೆ ಗೋರಿಯೇ ಕುಸಿಯುತ್ತದೆ.

ಸುಮ್ನೆ ಒಳ್ಳೇದು ಮಾಡೋಣ ಅಂತ ಆ ಗಿಡವನ್ನು ಕಿತ್ತರೆ ಇಟ್ಟಿಗೆಯೂ ಕೈಗೆ ಬರುತ್ತದೆ. ಬರೀ ಮೇಲೆ ಕತ್ತರಿಸಿದರೆ ಮುಂದಿನ ಮಳೆಗೆ ಇನ್ನೂ ಜೋರಾಗಿ ಚಿಗುರುತ್ತದೆ. ತಿಳಿದವರು ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಹಸಿ ಗಾಯಕ್ಕೆ ಮಾತ್ರ ಬ್ರಷ್‌ನಿಂದ ಕಳೆನಾಶಕ ಹಚ್ಚುತ್ತಾರೆ. ಬೇರು ಒಳಗೇ ಸತ್ತ ಮೇಲೆ ಅದನ್ನು ಎಳೆಯದೆ, ಸುತ್ತಲಿನ ಬಿರುಕಿಗೆ ಸುಣ್ಣದ ಗಾರೆ ತುಂಬುತ್ತಾರೆ. ಇಲ್ಲಿ ಸಿಮೆಂಟ್ ಹಾಕಿದರೆ ಕೆಲಸ ಕೆಟ್ಟಿತು. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಉಪ್ಪನ್ನು ಎಳೆದುಕೊಂಡು ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಪ್ರೀತಿಯಿಂದ ಸಿಮೆಂಟ್ ಮೆತ್ತಿದ ಗೋರಿಗಳು ಪಾಳು ಬಿಟ್ಟವಕ್ಕಿಂತ ಬೇಗ ಹಾಳಾದದ್ದುಂಟು.

ಲಂಟಾನ ಇನ್ನೊಂದು ತಲೆನೋವು. ಅಲಂಕಾರಕ್ಕೆ ಅಂತ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಕೋಲ್ಕತ್ತದ ತೋಟಕ್ಕೆ ತಂದ ಗಿಡ ಇಡೀ ದೇಶವನ್ನೇ ಆವರಿಸಿತು. ಅದು ಕಲ್ಲನ್ನು ಒಡೆಯುವುದಿಲ್ಲ, ಆದರೆ ದಾರಿ ಮುಚ್ಚುತ್ತದೆ, ಬೇರೆ ಗಿಡಗಳಿಗೆ ಜಾಗ ಕೊಡುವುದಿಲ್ಲ. ಪಾರ್ಥೇನಿಯಂ ಬಂದದ್ದು 1950ರ ದಶಕದಲ್ಲಿ, ಮೂಗು, ಚರ್ಮ ಎರಡಕ್ಕೂ ಶತ್ರು. ಇವೆರಡನ್ನೂ ಯಾವ ಮುಲಾಜೂ ಇಲ್ಲದೆ ತೆಗೆಯಬಹುದು.

ಗರಿಕೆ, ತುಂಬೆ, ಮುಟ್ಟಿದರೆ ಮುನಿ, ನಿತ್ಯಪುಷ್ಪ ಇವೆಲ್ಲ ಇರಲಿ. ಬೇರು ಆಳಕ್ಕೆ ಹೋಗುವುದಿಲ್ಲ, ಮಣ್ಣನ್ನು ಹಿಡಿದಿಡುತ್ತವೆ, ಚಿಟ್ಟೆ, ಜೇನಿಗೆ ಆಹಾರ. ನಿತ್ಯಪುಷ್ಪ ಮಡಗಾಸ್ಕರಿನಿಂದ ಬಂದ ಗಿಡ. ಅದರ ಎಲೆಯಲ್ಲಿರುವ ರಾಸಾಯನಿಕದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧ ಮಾಡುತ್ತಾರೆ. ಚಿಕ್ಕ ಮಕ್ಕಳ ಗೋರಿಗಳ ನಡುವೆ ಅದು ಅರಳಿರುವುದನ್ನು ಕಂಡಾಗ ನನಗೆ ಈ ವಿಷಯ ನೆನಪಾಗದೆ ಇರುವುದಿಲ್ಲ. ದೇವಗಣಗಿಲೆ ಮೆಕ್ಸಿಕೊ ಕಡೆಯ ಮರ. ಕೊಂಬೆ ಮುರಿದು ನೆಟ್ಟರೂ ಚಿಗುರುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಬರೀ ಹೂವಲ್ಲೇ ನಿಲ್ಲುತ್ತದೆ. ಅರಳಿಯಂತೆ ಗೋರಿಯ ಮೇಲೆ ಹತ್ತಿ ಕೂರುವ ಸ್ವಭಾವ ಅದಕ್ಕಿಲ್ಲ.

ಕಲ್ಲಿನ ಮೇಲೆ ಬೂದು, ಹಳದಿ, ಹಸಿರು ಮಚ್ಚೆಗಳು ಕಂಡರೆ ಅದು ಕೊಳೆ ಅಂತ ಉಜ್ಜಬೇಡಿ. ಅದು ಕಲ್ಲುಹೂ. ಶಿಲೀಂಧ್ರವೂ ಪಾಚಿಯೂ ಒಂದಾಗಿ ಬದುಕುವ ಜೀವ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂ ಇದೇ ಗುಂಪಿಗೆ ಸೇರಿದ್ದು. ವರ್ಷಕ್ಕೆ ಕೆಲವೇ ಮಿಲಿಮೀಟರ್, ಕೆಲವು ಜಾತಿಗಳು ಅದಕ್ಕೂ ಕಡಿಮೆ ಬೆಳೆಯುತ್ತವೆ. ಇಸವಿ ಕೆತ್ತಿದ ಗೋರಿಕಲ್ಲಿನ ಮೇಲಿನ ಮಚ್ಚೆಯ ಅಗಲ ಅಳೆದು ಬೆಳವಣಿಗೆಯ ವೇಗ ತಿಳಿದುಕೊಂಡು, ಅದೇ ಲೆಕ್ಕದಲ್ಲಿ ಇಸವಿ ಇಲ್ಲದ ಬಂಡೆಗಳ ಪ್ರಾಯ ಹೇಳುವ ವಿಧಾನವೊಂದಿದೆ. ಹೊಗೆ ಜಾಸ್ತಿಯಾದ ಕಡೆ ಬಹಳಷ್ಟು ಕಲ್ಲುಹೂ ಬದುಕುವುದಿಲ್ಲ. ಆದ್ದರಿಂದ ಊರ ನಡುವೆ ಅಗಲವಾದ ಮಚ್ಚೆ ಕಂಡರೆ ಅಲ್ಲಿನ ಗಾಳಿ ಇನ್ನೂ ಪರವಾಗಿಲ್ಲ ಅಂತ ತಿಳಿಯಬಹುದು.

ಗಿಡಮರದ ಮಾತು ಬಂದಾಗ ಕ್ರುಂಬಿಗಲ್ ಅವರನ್ನು ನೆನೆಯಲೇಬೇಕು. ಜರ್ಮನಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಕೆಲಸ ಮಾಡಿ, 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡವರು. ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನ ಯಾವುದಾದರೂ ಒಂದು ಸಾಲುಮರ ಹೂಬಿಟ್ಟಿರಬೇಕು ಅಂತ ಯೋಚಿಸಿ ನೆಡಿಸಿದವರು. 1956ರಲ್ಲಿ ಇಲ್ಲೇ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಸಿಮೆಟ್ರಿಯಲ್ಲಿದೆ. ಜಾನ್ಸನ್ ಮಾರ್ಕೆಟ್ ದಾಟಿ ಆಡುಗೋಡಿ ಕಡೆಗೆ ಹೋಗುವಾಗ ಸಿಗುವ ಆ ಉದ್ದನೆಯ ಗೋಡೆಯ ಆಚೆ.

ಅಷ್ಟು ನೆಮ್ಮದಿ ಯಾಕೆ

ಮರಗಳು ಗದ್ದಲ ತಡೆಯುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ನಾಲ್ಕಾರು ಮರದ ಸಾಲು ಶಬ್ದವನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಗೋಡೆ ಸ್ವಲ್ಪ ತಡೆಯುತ್ತದೆ. ಉಳಿದದ್ದು ನಮ್ಮ ಕಿವಿ ಮಾಡುವ ಕೆಲಸ. ಎಲೆಯ ಸದ್ದು, ಮಡಿವಾಳ ಹಕ್ಕಿಯ ಸಿಳ್ಳೆ, ಕೆಂಬೂತದ ಗಂಟಲು ದನಿ ಹತ್ತಿರದಲ್ಲಿದ್ದರೆ ದೂರದ ಹಾರ್ನ್ ಹಿಂದೆ ಸರಿಯುತ್ತದೆ.

ತಂಪು ಮಾತ್ರ ಪಕ್ಕಾ. ಬೆಂಗಳೂರಿನ ರಸ್ತೆಗಳಲ್ಲೇ ಸಂಶೋಧಕರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮರವಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ವರೆಗೆ ತಂಪಾಗಿತ್ತು. ಟಾರು ಇಲ್ಲದ, ಮಣ್ಣು ತೆರೆದಿರುವ ಸಿಮೆಟ್ರಿಯಲ್ಲಿ ಕಾಲಿಗೂ ಬಿಸಿ ಹೊಡೆಯುವುದಿಲ್ಲ.

ಹಸಿರು ಕಂಡರೆ ಮೈಗೂ ಒಳ್ಳೆಯದು ಅನ್ನುವುದಕ್ಕೆ ರೋಜರ್ ಉಲ್ರಿಚ್ 1984ರಲ್ಲಿ ಒಂದು ಪುರಾವೆ ಕೊಟ್ಟರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದವರನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ನೋಡುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಬಲವಾದ ಮಾತ್ರೆಗಳೂ ಅವರಿಗೆ ಕಡಿಮೆ ಸಾಕಾದವು. ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಹೇಳಿದ್ದು ಇನ್ನೊಂದು ಮಾತು. ಸ್ಕ್ರೀನು, ಟ್ರಾಫಿಕ್ಕು, ಲೆಕ್ಕಪತ್ರ ಇವಕ್ಕೆ ಮನಸ್ಸನ್ನು ಬಿಗಿ ಹಿಡಿಯಬೇಕು, ಅದು ದಣಿಯುತ್ತದೆ. ಎಲೆ ಅಲ್ಲಾಡುವುದು, ಮೋಡ ಸಾಗುವುದು ನಮ್ಮನ್ನು ಹಗುರವಾಗಿ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಗಮನ ಚೇತರಿಸಿಕೊಳ್ಳುತ್ತದೆ.

ಪ್ರವಾಸದಲ್ಲಿ ಇದರ ಬೆಲೆ ಇನ್ನೂ ಜಾಸ್ತಿ ಅನ್ನಿಸುತ್ತದೆ. ಬೇರೆ ಜಾಗಗಳಲ್ಲಿ ಟಿಕೆಟ್ಟು, ಕ್ಯೂ, ಗೈಡು, "ಬೇಗ ಬೇಗ ನಡೀರಿ" ಅನ್ನುವವರು. ಹಳೇ ಸಿಮೆಟ್ರಿಯಲ್ಲಿ ಇದನ್ನೇ ನೋಡಬೇಕು ಅಂತಿಲ್ಲ. ಒಂದು ಹೆಸರು ಓದಿ, ಒಂದು ಮರ ನೋಡಿ, ಕೂತರೂ ಆಯಿತು. ಕಾರಲ್ಲಿ ಮೈಸೂರಿಗೆ ಹೋಗುವವರು ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿ ನೋಡಬಹುದು. ಕಾವೇರಿ ದಂಡೆಯ ಹತ್ತಿರ, 300ರಷ್ಟು ಗೋರಿಗಳು, ಬಹಳಷ್ಟು 1800ರ ನಂತರದವು. ಅಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರೂ ಇದ್ದಾರೆ. ಆ ಪಡೆ 1781ರಲ್ಲಿ ಡಚ್ಚರಿಗೋಸ್ಕರ ಕಟ್ಟಿದ್ದು, 1795ರಲ್ಲಿ ಬ್ರಿಟಿಷರ ಕಡೆ ಸೇರಿತು. ಪಾಳು ಬಿದ್ದಿದ್ದ ಈ ಜಾಗವನ್ನು ದುರಸ್ತಿ ಮಾಡಿಸಲು ಡಿ ಮ್ಯೂರಾನ್ ಮನೆತನದ ವಂಶಸ್ಥರೇ ಇಲ್ಲಿಯವರೆಗೆ ಬಂದರು. ಇಂಥವರು ಎಲ್ಲ ಗೋರಿಗಳಿಗೂ ಸಿಗುವುದಿಲ್ಲ.

ಎಷ್ಟು ಸ್ವಚ್ಛ ಮಾಡಬೇಕು

ಲಂಡನ್ನಿನ ಹೈಗೇಟ್ ಸಿಮೆಟ್ರಿಯ ದಾರಿ ನನಗೆ ಸರಿ ಅನ್ನಿಸುತ್ತದೆ. 1839ರಲ್ಲಿ ಖಾಸಗಿ ಕಂಪನಿಯೊಂದು ಶುರುಮಾಡಿದ ಜಾಗ ಅದು, ಕಾರ್ಲ್ ಮಾರ್ಕ್ಸ್ ಗೋರಿ ಇರುವುದು ಅಲ್ಲೇ. ಇಪ್ಪತ್ತನೇ ಶತಮಾನದಲ್ಲಿ ದುಡ್ಡು ಮುಗಿದು, ಕಾಡು ಬೆಳೆದು, ಒಳಗೆ ಹೋಗಲಾಗದ ಸ್ಥಿತಿ ಬಂತು. 1975ರಲ್ಲಿ ಸ್ಥಳೀಯರು ಸೇರಿ ಒಂದು ಗುಂಪು ಕಟ್ಟಿದರು. ಅವರು ಕಾಡನ್ನು ಬೋಳಿಸಲಿಲ್ಲ. ಗೋರಿ ಬೀಳಿಸುವ ಮರ ಮಾತ್ರ ತೆಗೆದರು, ದಾರಿ ಬಿಡಿಸಿದರು, ಉಳಿದದ್ದನ್ನು ಹಾಗೇ ಬಿಟ್ಟರು. ಇವತ್ತು ಅಲ್ಲಿಗೆ ಜನ ಟಿಕೆಟ್ ಕೊಟ್ಟು ಹೋಗುತ್ತಾರೆ, ಆ ದುಡ್ಡಿನಲ್ಲಿ ಕೆಲಸ ನಡೆಯುತ್ತದೆ.

ನಮ್ಮ ಕಡೆ ಸ್ವಚ್ಛತೆ ಅಂದರೆ ಜೆಸಿಬಿ ತಂದು ನೆಲ ಸಾಪಾಟು ಮಾಡಿ ಟೈಲ್ಸ್ ಹಾಕುವುದು ಅಂತಾಗಿದೆ. ಜೆಸಿಬಿಯ ಹಲ್ಲಿಗೆ ಸಿಕ್ಕ ಕಲ್ಲು ಮತ್ತೆ ಕೂಡುವುದಿಲ್ಲ. ಒಂದು ದಿನದ ಕೆಲಸದಲ್ಲಿ ಮುಂಗುಸಿಯ ಬಿಲ, ಹಾಲಕ್ಕಿಯ ಪೊಟರೆ, ಇನ್ನೂರು ವರ್ಷದ ಹೆಸರು ಮೂರೂ ಹೋಗುತ್ತವೆ. ಕುಡುಗೋಲು ಹಿಡಿದ ಇಬ್ಬರು ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಬಂದರೆ ಅದಕ್ಕಿಂತ ಒಳ್ಳೆಯ ಕೆಲಸ ಆಗುತ್ತದೆ. ಗೋರಿಯ ಮೇಲಿನ ಅರಳಿ ಸಸಿಗಳು ಬೆರಳು ಗಾತ್ರ ಇರುವಾಗಲೇ ಸಿಕ್ಕರೆ ಖರ್ಚೂ ಕಡಿಮೆ.

ಹೋಗುವವರಿಗೆ ಕೆಲವು ಮಾತು. ಬಹಳಷ್ಟು ಸಿಮೆಟ್ರಿಗಳು ಈಗಲೂ ಬಳಕೆಯಲ್ಲಿವೆ, ಬೆಂಗಳೂರಿನಲ್ಲಂತೂ ಜಾಗ ಸಾಲದೆ ಮನೆಯವರ ಹಳೇ ಗುಂಡಿಯನ್ನೇ ಮತ್ತೆ ತೆರೆದು ಹೂಳುತ್ತಾರೆ. ಆದ್ದರಿಂದ ಗೇಟಿನಲ್ಲಿರುವವರಿಗೆ ಹೇಳಿ ಒಳಗೆ ಹೋಗಿ. ಶವಸಂಸ್ಕಾರ ನಡೆಯುತ್ತಿದ್ದರೆ ಆ ಕಡೆ ಹೋಗಬೇಡಿ. ಹೊಸ ಗೋರಿಗಳ ಫೋಟೋ ತೆಗೆಯುವುದು ಬೇಡ. ಗೋರಿಯ ಮೇಲೆ ಕೂರಬೇಡಿ, ಅದು ಮರ್ಯಾದೆಯ ಮಾತೂ ಹೌದು, ಹಳೇ ಚಪ್ಪಡಿ ಕುಸಿದು ಕಾಲು ಒಳಗೆ ಹೋಗುವ ಅಪಾಯವೂ ಹೌದು. ಷೂ ಹಾಕಿಕೊಳ್ಳಿ. ಹುಲ್ಲಿನಲ್ಲಿ ಕೇರೆ ಹಾವಿರುತ್ತದೆ, ನಾಗರವೂ ಇರಬಹುದು. ಹೆಜ್ಜೆ ಜೋರಾಗಿ ಹಾಕಿದರೆ ಅವೇ ಸರಿದು ಹೋಗುತ್ತವೆ. ನವೆಂಬರ್ 2ರಂದು ಕ್ರೈಸ್ತರು ತಮ್ಮವರ ಗೋರಿ ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಅವತ್ತು ನೆಮ್ಮದಿ ಹುಡುಕಿ ಹೋಗುವ ದಿನವಲ್ಲ. ಆದರೆ ಕರೆದರೆ ಹೋಗಿ.

ಓದಿದ ಹೆಸರೊಂದು ಮನಸ್ಸಿನಲ್ಲಿ ಉಳಿದು, ಅವರು ಯಾರು ಅಂತ ಹುಡುಕಬೇಕು ಅನ್ನಿಸಿದರೆ ಅದಕ್ಕೂ ದಾರಿಯಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಇಲ್ಲಿನ ಪಾದ್ರಿಗಳು ಹೂಳಿದವರ ಪಟ್ಟಿಯ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಹೆಸರು, ವಯಸ್ಸು, ಕೆಲಸ, ಹೂಳಿದ ದಿನ ಎಲ್ಲವೂ ಅದರಲ್ಲಿರುತ್ತದೆ. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಸರಣಿ. ದಕ್ಷಿಣ ಏಷ್ಯಾದ ಯುರೋಪಿಯನ್ ಸಿಮೆಟ್ರಿಗಳಿಗೋಸ್ಕರವೇ 1976ರಲ್ಲಿ ಶುರುವಾದ ಬಿಎಸಿಎಸ್ಎ ಸಂಸ್ಥೆಯೂ ಗೋರಿಗಳ ಬರಹವನ್ನು ಸಂಗ್ರಹಿಸುತ್ತ ಬಂದಿದೆ. ಸೀಸ ಉದುರಿದ ಕಲ್ಲಿನಲ್ಲಿ ಅರ್ಧ ಹೆಸರೂ ಒಂದು ಇಸವಿಯೂ ಸಿಕ್ಕಿದ್ದರೆ ಉಳಿದರ್ಧ ಆ ಪಟ್ಟಿಗಳಲ್ಲಿ ಸಿಗಬಹುದು. ಬೆಂಗಳೂರಿನ ದಂಡು ಮದ್ರಾಸ್ ಸೈನ್ಯಕ್ಕೆ ಸೇರಿತ್ತು. ಹಾಗಾಗಿ ಇಲ್ಲಿನವರನ್ನು ಮದ್ರಾಸ್ ಸರಣಿಯಲ್ಲೇ ಹುಡುಕಬೇಕು.